ಚುಂಗಾಣಿಯ ಅಡಿಯಲ್ಲಿ ಯಾರ ಹೆಸರು

ಹೆಸರು ಹಾಕುವುದು ಕೊನೆಯ ಕೆಲಸ. ಅದಕ್ಕೇ ಕಲ್ಲು ಹಾಕಲು ಬಂದ ಈ ವೇಣುಗೋಪಾಲ್. ನಾನು ಆವನಿ ಊರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಕೆತ್ತಿದ, ಹೊಗೆ ಸೇದುವ ಚುಂಗಾಣಿಗಳನ್ನು ಬೆಂಗಳೂರಿನ ತನ್ನ ಅಂಗಡಿಯಲ್ಲಿ ಮಾರುವವನು.

"ಅಡೀಲಿ ವೆಂಕಟಲಕ್ಷ್ಮಿ ಅಂತ ಬೇಡಮ್ಮ. ಶಿವಶಂಕರ್ ಅಂತ ಹಾಕಿ. ಹೆಂಗಸು ಮಾಡಿದ ಪೈಪು ಅಂದ್ರೆ ಗಿರಾಕಿಗಳು ನಗ್ತಾರೆ" ಎಂದ.

ಅದು ನನ್ನ ಗಂಡನ ಹೆಸರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಉಳಿ ಹಿಡಿದರೆ ಮಾತ್ರ ಬೆರಳಿಗೆ ಬ್ಯಾಂಡೇಜು.

ಮೈಯೆಲ್ಲ ಉರಿಯಿತು. ಚುಂಗಾಣಿ ಕೆತ್ತಲು ಸಮುದ್ರದಾಚೆಯಿಂದ ಬರುವ ಈ ಬ್ರಯರ್ ಗಿಡದ ಬೇರಿನ ಗಂಟು ಬೆಂಕಿಗೂ ಸುಲಭಕ್ಕೆ ಜಗ್ಗುವುದಿಲ್ಲ. ನಾನು ನಕ್ಷೆ ಬರೆಯುವವಳಲ್ಲ, ಅಚ್ಚು ಇಡುವವಳಲ್ಲ. ಗಂಟನ್ನು ಒದ್ದೆ ಮಾಡಿ ತಿರುಗಿಸಿ ನೋಡುತ್ತೇನೆ. ಎಳೆ ಎತ್ತ ಓಡುತ್ತದೋ ಉಳಿಯೂ ಅತ್ತ. ಈ ಚುಂಗಾಣಿಯ ಎಳೆಗಳು ಬುಡದಿಂದ ಬಾಯಿಯವರೆಗೆ ರಾಗಿ ಪೈರಿನ ಹಾಗೆ ನೆಟ್ಟಗೆ ಎದ್ದಿದ್ದವು. ಬಾಯಂಚಿನ ಒರಟು ತೊಗಟೆಯನ್ನು ಹಾಗೇ ಬಿಟ್ಟಿದ್ದೆ. ಇಂಥದ್ದೇ ಇನ್ನೊಂದು ಮಾಡು ಅಂದರೆ ನನ್ನಿಂದಲೂ ಆಗದು. ಕಣ ನನ್ನದು, ರಾಶಿ ನನ್ನದು, ಮುದ್ರೆ ಇನ್ನೊಬ್ಬರದೇ?

ಅತ್ತೆ ದೊಡ್ಡವೆಂಕಟಮ್ಮ ಒಲೆಯ ಮುಂದಿನಿಂದಲೇ ಅವನಿಗೆ ತಾಳ ಹಾಕಿದರು. "ಹಾಕೇ! ಮನೆ ಹೆಣ್ಣಿನ ಹೆಸರು ಯಾವನ್ಯಾವನ ಬಾಯಿಗೋ ಯಾಕೆ? ನನ್ನ ಮಗನ ಹೆಸರು ಬೆಂಗಳೂರಾಗೆ ಓಡಾಡ್ಲಿ."

"ಹಾಕಲ್ಲ ಅಂದ್ರೆ?" ಎಂದು ಅವನನ್ನೇ ಕೇಳಿದೆ.

"ತಗೊಳ್ಳಲ್ಲ. ಇದನ್ನೂ ಇಲ್ಲ, ಮುಂದಕ್ಕೂ ಇಲ್ಲ."

ಸರಿ ಎಂದೆ. ಹೆಸರು ಸುಡುವ ಕಬ್ಬಿಣದ ಕಡ್ಡಿ ಒಲೆಯಲ್ಲಿ ಆಗಲೇ ಕಾದು ಕೆಂಪಗಾಗಿತ್ತು. ಅದನ್ನೆತ್ತಿಕೊಂಡು ಅತ್ತೆಯ ಎದುರಿಗೇ ಕೂತೆ.

"ಅತ್ತೇ, ಗಂಡನ ಹೆಸರು ಬಾಯಲ್ಲಿ ಹೇಳಬೇಡ, ಅವನ ಆಯಸ್ಸು ಕಮ್ಮಿ ಆಗುತ್ತೆ ಅಂದ್ರಿ. ಇವತ್ತಿಗೂ ಹೇಳಿಲ್ಲ. ರೇಷನ್ ಅಂಗಡೀಲೂ ಪಕ್ಕದೋಳ ಕೈಲಿ ಹೇಳಿಸ್ತೀನಿ. ಈಗ ಅದೇ ಹೆಸರಿಗೆ ಬೆಂಕಿ ಇಡ್ತೀನಿ, ನೋಡ್ಕೊಳ್ಳಿ."

ಹೆದರಿದರೆ ಅತ್ತೆಯ ಬಾಯಿಗೆ ಮೊದಲು ತೆಲುಗು ಬರುತ್ತದೆ. "ವದ್ದೇ, ವದ್ದು! ಬೇಡ ಕಣೇ!" ಎಂದು ನನ್ನ ಕೈ ಹಿಡಿದುಕೊಂಡರು.

"ಅಜ್ಜಿ, ಅದು ಬರೀ ಗುರುತು..." ಎಂದ ವೇಣುಗೋಪಾಲ್.

"ಮುಚ್ಚಯ್ಯ ಬಾಯಿ! ಗುರುತಂತೆ ಗುರುತು. ನಿಮ್ಮಪ್ಪನ ಹೆಸರು ಸುಟ್ಕೋ ಹೋಗು!" ಎಂದು ಅತ್ತೆ ಗದರಿದರು.

ನಾನು ಕಾಯಲಿಲ್ಲ. ಕೈ ಬಿಡಿಸಿಕೊಂಡು ಚುಂಗಾಣಿಯ ಅಡಿಯಲ್ಲಿ ವೆಂಕಟಲಕ್ಷ್ಮಿ ಅಂತ ಪೂರ್ತಿ ಸುಟ್ಟೆ, ಒತ್ತಕ್ಷರ ಸಮೇತ, ದಪ್ಪಗೆ.

"ನಿನ್ನ ಹೆಸರಾದ್ರೆ ಪರವಾಗಿಲ್ವೇನೇ?" ಎಂದರು ಅತ್ತೆ, ಮೆಲ್ಲಗೆ.

"ಇಷ್ಟು ವರ್ಷ ಒಲೆ ಮುಂದೆ ಕೂತಿದೀನಲ್ಲ, ನನಗೇನು ಬೆಂಕಿ ಹೊಸದಾ?"

ವೇಣುಗೋಪಾಲ್ ಚೀಲ ಹೆಗಲಿಗೇರಿಸಿದ. "ಹಿಂಗಾದ್ರೆ ನಂಗೆ ಬೇಡ."

"ಬೇಡ್ವಾ?" ಅತ್ತೆ ಚುಂಗಾಣಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಎಲೆಯಡಿಕೆ ಚೀಲದ ಹೊಗೆಸೊಪ್ಪು ತಿಕ್ಕಿ ತುಂಬಿದರು, ಮೇಲೊಂದು ಕೆಂಡ ಇಟ್ಟರು, ಕಣ್ಣು ಮುಚ್ಚಿ ಎಳೆದರು. ಹೊಗೆಯನ್ನು ನೇರ ಅವನ ಮುಖಕ್ಕೇ ಬಿಟ್ಟರು.

"ನನ್ನ ಸೊಸೆ ಮಾಡಿದ್ದು. ಹೆಸರು ಕೆಳಗೈತೆ. ಓದ್ಕೊಂಡು ಹೋಗು."