ಸೊಟ್ಟ ಮಟ್ಟು

ಕಲ್ಲಿದ್ದಲು ಗಣಿಯ ಧೂಳು ಡೆಂಜಿಲನ ಎದೆಯಲ್ಲಿ ಎಷ್ಟು ತುಂಬಿತ್ತೆಂದರೆ, ಒಂದು ಮಾತಾಡಲು ಅವನು ಎರಡು ಸಲ ಉಸಿರು ಎಳೆಯಬೇಕಿತ್ತು. ಪಿಟೀಲಿನ ಕಮಾನು ಹಿಡಿಯುವ ಶಕ್ತಿ ಯಾವಾಗಲೋ ಹೋಗಿತ್ತು. ಊಟ ಬೇಡ, ಪಾದ್ರಿಯೂ ಬೇಡ ಎಂದವನು ಹೆಂಡತಿ ಜೆಲ್ಮಾಳ ಬಳಿ ಒಂದನ್ನು ಮಾತ್ರ ಕೇಳಿದ. ಅಪ್ಪ ಪಿಟೀಲಿನಲ್ಲಿ ನುಡಿಸುತ್ತಿದ್ದ ಮಟ್ಟನ್ನು ಇನ್ನೊಮ್ಮೆ ಕೇಳಿ ಕಣ್ಣು ಮುಚ್ಚಬೇಕು.

ಕೇಳಿದ್ದೇನೋ ಸಣ್ಣದು. ಆದರೆ ಆ ಮಟ್ಟು ಬರುತ್ತಿದ್ದದ್ದು ಅವನಿಗೆ ಮತ್ತು ಅವನ ತಮ್ಮ ಹೋಬರ್ಟನಿಗೆ ಮಾತ್ರ. ಜೆಲ್ಮಾಳಿಗೆ ಬರುತ್ತಿದ್ದದ್ದು ಅರ್ಧ. ಮದುವೆಯಾದ ಹೊಸತರಿಂದಲೂ ಗಂಡ ಕಮಾನು ಎಳೆಯುವಾಗ ಪಕ್ಕದಲ್ಲಿ ಕೂತು, ಅದೇ ಪಿಟೀಲಿನ ತಂತಿಗಳ ಮೇಲೆ ಎರಡು ಹೆಣಿಗೆ ಕಡ್ಡಿಗಳಿಂದ ತಾಳ ಬಡಿದವಳು ಅವಳು. ಈ ಬೆಟ್ಟಗಳಲ್ಲಿ ಹೆಂಡತಿಯೋ ತಂಗಿಯೋ ಮಾಡುತ್ತಿದ್ದ ಕೆಲಸ ಅದು. ಸ್ವರ ಅವಳ ಬೆರಳಿಗೆ ಎಂದೂ ಹತ್ತಲಿಲ್ಲ. ಪೆಟ್ಟು ಮಾತ್ರ ಮೈಯಲ್ಲಿ ಇಳಿದಿತ್ತು.

ಆ ಮಟ್ಟು ಸೊಟ್ಟ. ಎರಡನೆಯ ಸಾಲಿನ ಕೊನೆಯಲ್ಲಿ, ಬೇರೆ ಮಟ್ಟುಗಳೆಲ್ಲ ಮುಂದಿನ ಸಾಲಿಗೆ ತಿರುಗಿಕೊಳ್ಳುವ ಕಡೆ, ಇದು ಒಂದು ಪೆಟ್ಟು ಹೆಚ್ಚು ನಿಲ್ಲುತ್ತದೆ. ಹೊರಗಿನವರು ನುಡಿಸುವವನು ಎಡವಿದ ಎನ್ನುತ್ತಾರೆ. ಎನ್ನಲಿ ಬಿಡಿ. ಎಲ್ಲರ ಮನೆ ದೋಸೆಯೂ ತೂತು ಅನ್ನುವ ಹಾಗೆ ಈ ಕಣಿವೆಯಲ್ಲಿ ಎಲ್ಲರ ಮನೆ ಮಟ್ಟೂ ಒಂದೊಂದು ಕಡೆ ಸೊಟ್ಟ. ಅದರಿಂದಲೇ ಇದು ಯಾರ ಮನೆಯ ಪಿಟೀಲು ಎಂದು ದೂರದಿಂದ ಹೇಳಬಹುದಿತ್ತು. ಡೆಂಜಿಲನ ಅಪ್ಪ ಹಾಗೆಯೇ ನುಡಿಸಿದ್ದ, ಅವನ ಅಪ್ಪನೂ ಹಾಗೆಯೇ.

ಸುದ್ದಿ ಮುಟ್ಟಿದ್ದೇ ತಡ, ಹೋಬರ್ಟ್ ಕಾರು ಹತ್ತಿ ಬಂದ. ತಲೆಯ ಮೇಲೆ ಬಿಳಿ ಹ್ಯಾಟು, ಕಾಲಿಗೆ ಹೊಳೆಯುವ ಬೂಟು. ಹರೆಯದಲ್ಲೇ ಬೆಟ್ಟ ಇಳಿದು ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರಿನವರ ಬ್ಲೂಗ್ರಾಸ್ ಸಂಗೀತದ ತಂಡ ಸೇರಿ ರೇಡಿಯೊದಲ್ಲೆಲ್ಲ ನುಡಿಸಿದವನು. ಆದರೂ ಜಂಬದವನಲ್ಲ, ಪಾಪ.

"ಏನಣ್ಣ, ಹಿಂಗ್ ಸೊರಗಿದ್ದೀಯ? ಅತ್ತಿಗೆ ಬರೀ ಬೀನ್ಸ್ ಬೇಯ್ಸಿದ ನೀರು ಕುಡಿಸ್ತಾಳಾ?"

"ನನ್ ಪಾಲೂ..." ಡೆಂಜಿಲ್ ಉಸಿರು ಎಳೆದುಕೊಂಡ. "ನೀನೇ ತಿಂದಿದ್ದೀಯಲ್ಲೋ. ಹೊಟ್ಟೆ ನೋಡ್ಕೋ."

"ಇದು ರೇಡಿಯೊದವ್ರು ತುಂಬ್ಸಿದ ಗಾಳಿ ಕಣಣ್ಣ."

ಮೂವರೂ ನಕ್ಕರು. ಡೆಂಜಿಲನ ನಗು ಕೆಮ್ಮಿಗೆ ತಿರುಗಿ, ಬಾಯಿಗೆ ಹಿಡಿದ ಬಟ್ಟೆ ಕಪ್ಪಾಯಿತು. ಆಮೇಲೆ ಯಾರೂ ನಗಲಿಲ್ಲ.

ಹೋಬರ್ಟ್ ಅಣ್ಣನ ಪಿಟೀಲನ್ನು ಗೋಡೆಯಿಂದ ಇಳಿಸಿ, ಈ ಮಟ್ಟಿಗೆ ಬೇಕಾದಂತೆ ಕೆಳಗಿನ ಎರಡು ತಂತಿಗಳ ಶ್ರುತಿ ಏರಿಸಿದ. ಅದನ್ನು ಅವನು ಮರೆತಿಲ್ಲವೆಂದು ಜೆಲ್ಮಾಳಿಗೆ ಸಮಾಧಾನವಾಯಿತು.

"ಅತ್ತಿಗೆ, ಕಡ್ಡಿ ತಗೋ. ಕೈ ಓಡುತ್ತಾ ಇನ್ನೂ?"

"ನಿನ್ ಕಮಾನು ಓಡಿದ್ರೆ ನನ್ ಕಡ್ಡೀನೂ ಓಡುತ್ತೆ. ನೀನ್ ನೆಟ್ಟಗೆ ನುಡ್ಸು."

ನುಡಿಸಿದ. ಚೆನ್ನಾಗಿಯೇ ನುಡಿಸಿದ, ಡೆಂಜಿಲನಿಗಿಂತ ನಾದ ಇಂಪಾಗಿತ್ತು. ಎರಡನೆಯ ಸಾಲಿನ ಕೊನೆ ಬಂತು. ಜೆಲ್ಮಾಳ ಕಡ್ಡಿ ಹೆಚ್ಚಿನ ಪೆಟ್ಟು ಹಾಕಿತು. ಹೋಬರ್ಟ್ ಅಷ್ಟರಲ್ಲಿ ತಿರುಗಿ ಮುಂದೆ ಹೋಗಿಬಿಟ್ಟಿದ್ದ.

"ಇರ್ಲಿ ಅತ್ತಿಗೆ, ತಾಳ ಹಿಡ್ಕೋ," ಎಂದು ಕಣ್ಣು ಮಿಟುಕಿಸಿದ. ಅವಳೇ ತಪ್ಪಿದಳು ಎಂದುಕೊಂಡಿದ್ದ.

ಜೆಲ್ಮಾಳಿಗೆ ತಿಳಿಯಿತು. ತಂಡದಲ್ಲಿ ಐದು ಜನ ಒಟ್ಟಿಗೆ ತಿರುಗಬೇಕು, ಒಬ್ಬನ ಮನೆಯ ಸೊಟ್ಟಕ್ಕಾಗಿ ಉಳಿದ ನಾಲ್ವರು ಕಾಯುವುದಿಲ್ಲ. ವರ್ಷಗಟ್ಟಲೆ ಹಾಗೆ ನುಡಿಸಿ ಅಪ್ಪನ ಮಟ್ಟು ನೇರವಾಗಿತ್ತು. ಕಳೆದುಕೊಂಡದ್ದೂ ಅವನಿಗೆ ಗೊತ್ತಿರಲಿಲ್ಲ.

ಮಾತು ನಾಲಿಗೆಯ ತುದಿಗೆ ಬಂತು. ಆದರೆ ನುಡಿಸುವವನನ್ನು ನಡುವೆ ನಿಲ್ಲಿಸುವುದು ಅಲ್ಲಿಯ ರೂಢಿಯಲ್ಲ. ಅಷ್ಟು ದೂರದಿಂದ ಓಡಿ ಬಂದ ಮೈದುನನಿಗೆ, ಸಾಯುವ ಅಣ್ಣನ ಎದುರೇ, ನಿನ್ನಪ್ಪನ ಮಟ್ಟು ಕೆಡಿಸಿದ್ದೀಯ ಅನ್ನುವುದು ಹೇಗೆ? ಮುಂದಿನ ಸುತ್ತಿನಲ್ಲಿ ಅವಳು ಆ ಪೆಟ್ಟನ್ನು ಬಿಟ್ಟಳು. ಹೋಬರ್ಟನ ಜೊತೆಗೇ ತಿರುಗಿದಳು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ತಾಣವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಗ ಡೆಂಜಿಲನ ಬೆರಳು ಕಂಡಿತು. ಕಣ್ಣು ಮುಚ್ಚಿದ್ದ, ಬೆರಳು ಮಾತ್ರ ಕೌದಿಯ ಮೇಲೆ ತಾಳ ಹಾಕುತ್ತಿತ್ತು. ತಿರುವಿನಲ್ಲಿ ಅದು ಒಂದು ಪೆಟ್ಟು ಹೆಚ್ಚು ನಿಂತು ಹಿಂದೆ ಬಿತ್ತು. ಮುಂದಿನ ಸುತ್ತಿನಲ್ಲೂ ಹಿಂದೆ ಬಿತ್ತು. ಆಮೇಲೆ ತಡವರಿಸಿತು, ಹುಡುಕಿತು, ಸುಮ್ಮನಾಯಿತು.

ಮಟ್ಟು ಮುಗಿಯಿತು. "ಹೆಂಗಿತ್ತಣ್ಣ?"

"ಚೆನ್ನಾಗಿತ್ತು ಕಣೋ." ಡೆಂಜಿಲ್ ಉಸಿರು ಎಳೆದ. "ನಂದೇ ತಪ್ಪು. ಅಲ್ಲಿ ಒಂದ್ ಪೆಟ್ಟು ಜಾಸ್ತಿ ಅಂತಿದ್ದೆ. ಅಪ್ಪ ಹೇಳ್ಕೊಟ್ಟಿದ್ದನ್ನ... ಯಾವಾಗ ಕೆಡ್ಸಿದ್ನೋ ಏನೋ."

"ಇಲ್ಲ ಡೆಂಜಿಲ್! ನೀನೇ ಸರಿ. ಅದು ಇದೆ, ನಾನೇ ಬಿಟ್ಟೆ, ಬೇಕಂತ ಬಿಟ್ಟೆ." ಜೆಲ್ಮಾ ಮೈದುನನ ಕಡೆ ತಿರುಗಿದಳು. "ಹೋಬರ್ಟ್, ಅಲ್ಲಿ ಒಂದ್ ಪೆಟ್ಟು ನಿಲ್ಬೇಕು. ನಿಮ್ಮಪ್ಪ ನಿಲ್ತಿದ್ದ. ಇನ್ನೊಂದ್ಸಲ ನುಡ್ಸು."

ಹೋಬರ್ಟನ ಮುಖ ಕಪ್ಪಿಟ್ಟಿತು. ಮತ್ತೆ ಕಮಾನು ಎತ್ತಿದ. ಅವನ ಕೈ ಅಲ್ಲಿ ನಿಲ್ಲಲೇ ಇಲ್ಲ. ಮತ್ತೊಮ್ಮೆ ನುಡಿಸಿದಾಗ ನಿಂತ, ಆದರೆ ನಿಂತದ್ದು ಎಡವಿದ ಹಾಗೆಯೇ ಕೇಳಿಸಿತು. ಕಮಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತ. "ಬರ್ತಿಲ್ಲ ಅತ್ತಿಗೆ. ಹೋಗ್ಬಿಟ್ಟಿದೆ."

"ಅವ್ನನ್ ಯಾಕೆ ಗೋಳು ಹುಯ್ಕೋತೀಯ," ಎಂದ ಡೆಂಜಿಲ್.

"ನನ್ನಾಣೆ ಡೆಂಜಿಲ್, ನೀನೇ ಸರಿ. ನನ್ನ ನಂಬು."

ಡೆಂಜಿಲ್ ಅವಳ ಕೈಯನ್ನು ಮೆಲ್ಲಗೆ ತಟ್ಟಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಸುಮ್ನೆ ಸಮಾಧಾನ ಮಾಡ್ಬೇಡ ಕಣೇ," ಎಂದ. "ನಿನ್ ಕಡ್ಡಿ ಯಾವತ್ತೂ ತಪ್ಪಿಲ್ಲ, ಇವತ್ತೂ ಅದು ಅವನ ಜೊತೆಗೇ ತಿರುಗ್ತು. ನನ್ ಕೈ ದಾರಿ ಬಿಟ್ಟಾಗೆಲ್ಲ... ಅದನ್ನೇ ನಂಬ್ಕೊಂಡು ಬಂದಿದ್ದೀನಿ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ. ಆಮೇಲೆ ಪಿಟೀಲಿನ ಮಾತನ್ನು ಅವನು ಎತ್ತಲೇ ಇಲ್ಲ.