ಹುಳು ತಿಂತಾ ಇವೆಯಾ ಅಕ್ಕ

ಸೊಪ್ಪಿನ ಮೇಲೆ ಇನ್ನೂ ತೇವ ಇದೆ, ಒರೆಸಿ ಹಾಕಬೇಕು, ತೇವದ ಸೊಪ್ಪು ತಿಂದರೆ ಹುಳುವಿಗೆ ಸಪ್ಪೆ ರೋಗ, ಬಟ್ಟೆ ಎಲ್ಲಿ ಹೋಯಿತು, ಹೆಗಲ ಮೇಲೇ ಇದೆ, ಈಗೀಗ ಎಲ್ಲವನ್ನೂ ಎರಡೆರಡು ಸಲ ಹುಡುಕಬೇಕು, ನಾಲ್ಕನೇ ಜ್ವರದ ನಿದ್ದೆಯಿಂದ ಎದ್ದ ಹುಳುಗಳು, ಪೊರೆ ಕಳಚಿ ಹಸಿದು ಕೂತಿವೆ, ಇವಕ್ಕೆ ನನ್ನ ಸೊಂಟದ ನೋವು ತಿಳಿಯದು, ಭಾನುವಾರ ತಿಳಿಯದು — ಭಾನುವಾರ ನಿಮಗೆ ರಜೆ ಇಲ್ಲವಾ ಅಕ್ಕ, ಎಂದು ಪಾರೀಸಪ್ಪ ಕೇಳಿದ್ದು ಇದೇ ಹುಳುಮನೆಯ ಬಾಗಿಲಲ್ಲಿ, ಹುಳುವಿಗೆ ರಜೆ ಇದ್ದರಲ್ಲವೇನಪ್ಪ ನನಗೆ, ಎಂದು ನಾನು ನಕ್ಕಿದ್ದು, ಅವನು ನಗದೆ ಬರೆದುಕೊಂಡದ್ದು. ಫಾರಿಸ್ ಅವನ ಹೆಸರು, ಅರಬ್ ದೇಶದಿಂದ ಬೆಂಗಳೂರಿಗೆ ಓದಲು ಬಂದವನು, ರೇಷ್ಮೆ ಹುಳು ಸಾಕುವ ಹೆಂಗಸರ ದುಡಿಮೆಯ ಮೇಲೆ ದೊಡ್ಡ ಪುಸ್ತಕ ಬರೆಯಬೇಕೆಂದು ನಮ್ಮ ಲಕ್ಕೂರಿಗೆ ಬಂದು ನಮ್ಮ ಜಗುಲಿಯ ಪಕ್ಕದ ಕೋಣೆ ಹಿಡಿದವನು, ಊರಿನ ಬಾಯಿಗೆ ಫಾರಿಸ್ ಹತ್ತಲಿಲ್ಲ, ಪಾರೀಸಪ್ಪನಾದ, ನಮ್ಮ ಯಜಮಾನರು ಮುನಿರಾಮಪ್ಪನವರಂತೂ ಏನ್ಲಾ ಪಾರೀಸ ಎಂದೇ ಕರೆಯುತ್ತಿದ್ದರು, ಅವನು ಬಂದೆ ಅಣ್ಣ ಎಂದು ಓಡುತ್ತಿದ್ದ. ಆಗ ತಾನೇ ಹೆಂಗಸರಿಗೆ ರಾತ್ರಿ ಶಾಲೆ ಶುರುವಾಗಿತ್ತು, ಅವನೂ ಸ್ಲೇಟು ಹಿಡಿದು ಬಂದು ಹಿಂದೆ ಕೂತ, ಅಶ್ವತ್ಥಮ್ಮ ಸೆರಗು ಎಳೆದುಕೊಂಡು ಅಯ್ಯೋ ಗಂಡ್ಸು ಬಂದವ್ನೆ ಕಣೇ ಎಂದಳು, ಮೇಷ್ಟ್ರು, ಅವನೂ ನಿಮ್ಮಂಗೇ ಕಣಮ್ಮ, ಅಕ್ಷರ ಬರಲ್ಲ ಅವನಿಗೂ, ಎಂದರು. ಳ ನನ್ನ ಕೈಗೂ ಬಗ್ಗಲಿಲ್ಲ, ಅವನ ಕೈಗೂ ಬಗ್ಗಲಿಲ್ಲ, ಇಬ್ಬರದೂ ಒಂದೇ ಸೊಟ್ಟು. ಈ ತಟ್ಟೆ ಆಯಿತು, ಮುಂದಿನದು, ಬೆನ್ನು ನೆಟ್ಟಗಾಗಲು ಗೋಡೆ ಬೇಕು ಈಗ — ಒಂದು ದಿನ ಅವನ ಹಬ್ಬ, ಹೊಸ ಬಟ್ಟೆ ತೊಟ್ಟು, ನಮಗೆಂದು ಖರ್ಜೂರ ಹಿಡಿದು, ಮೈತುಂಬ ಅತ್ತರು ಹಚ್ಚಿಕೊಂಡು ಸೀದಾ ಹುಳುಮನೆಯೊಳಗೆ ಬಂದುಬಿಟ್ಟ, ನಾವು ಮುಡಿದ ಮಲ್ಲಿಗೆಯನ್ನೂ ಹೊರಗೆ ತೆಗೆದಿಟ್ಟು ಒಳಗೆ ಬರುವವರು, ಬೀಡಿ ಸೇದಿದವರನ್ನು ಬಾಗಿಲಿಗೂ ಸೇರಿಸದವರು, ಹುಳುವಿಗೆ ವಾಸನೆ ಆಗದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಹುಟ್ಟಿದಾಗಿನಿಂದ ತಿಳಿದದ್ದನ್ನು ಯಾರು ಯಾರಿಗೆ ಹೇಳುತ್ತಾರೆ. ಸರಸರ ತಿನ್ನುವ ಸದ್ದು ನಿಂತುಹೋಯಿತು. ತಟ್ಟೆ ತುಂಬ ಹುಳು, ತಲೆ ಎತ್ತಿ. ಜ್ವರಕ್ಕೆ ಕೂತಾಗ ಎತ್ತುವ ತಲೆ ಬೇರೆ, ಅದು ನಿದ್ದೆ, ಇದು ಹಾಗಲ್ಲ. ಯಾರ್ಲಾ ಅದು ಅತ್ತರು, ಹೊರಕ್ಕೆ ಬಾರ್ಲಾ, ಎಂದು ಯಜಮಾನರು ಕಿರುಚಿದ್ದು, ಅವನು ಬಾವಿಗೆ ಓಡಿ ಕೊಡದ ಮೇಲೆ ಕೊಡ ಸುರಿದುಕೊಂಡದ್ದು, ಸೀಗೆಪುಡಿಯಿಂದ ಚರ್ಮ ಕೆಂಪಾಗುವಂತೆ ಉಜ್ಜಿಕೊಂಡದ್ದು, ಆಮೇಲೆ ಯಜಮಾನರ ಪಂಚೆ ಸುತ್ತಿಕೊಂಡು ಹೊಸ್ತಿಲಾಚೆ ನಡುಗುತ್ತಾ ಕೂತು ಒಂದೇ ಮಾತು, ಹುಳು ತಿಂತಾ ಇವೆಯಾ ಅಕ್ಕ, ಹುಳು ತಿಂತಾ ಇವೆಯಾ. ತಿಂತಾ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೂಲೆಯ ತಟ್ಟೆಯಲ್ಲಿ ಒಂದು ತಲೆ ಬಗ್ಗಿತು, ಬಾರಪ್ಪ, ಒಂದು ತಿಂತಾ ಇದೆ, ಎಂದೆ, ಅವನು ಒಳಗೆ ಬರಲಿಲ್ಲ, ಹೊರಗೇ ಕೂತು ಅತ್ತ. ಕೆಲವು ತಟ್ಟೆ ಹೋದವು, ಉಳಿದವು ಗೂಡು ಕಟ್ಟಿದವು.

ತನ್ನ ದೇಶಕ್ಕೆ ಹಿಂದಿರುಗಿ ಹೋದ, ಅಲ್ಲಿ ಯೂನಿವರ್ಸಿಟಿಯಲ್ಲಿ ಮೇಷ್ಟ್ರಾದ, ಆಮೇಲೆ ದೆಹಲಿಯ ಅವರ ರಾಯಭಾರ ಕಚೇರಿಗೆ ಬಂದ, ಅಲ್ಲಿಂದ ಒಂದು ಕಾರ್ಡು, ಕನ್ನಡದಲ್ಲಿ, ಅದೇ ಸೊಟ್ಟ ಳು, ಹುಳು ತಿಂತಾ ಇವೆಯಾ ಅಕ್ಕ. ಅಷ್ಟೇ. ಉತ್ತರ ಬರೆಯೋಣವೆಂದರೆ ಹುಳು ಹಣ್ಣಾಗಿ ಗೂಡು ಕಟ್ಟುವ ಕಾಲ, ಅದು ಮುಗಿಯಿತೆಂದರೆ ಯಜಮಾನರ ಕೆಮ್ಮು, ಆಮೇಲೆ ಯಜಮಾನರೇ ಇಲ್ಲ, ಅಷ್ಟರಲ್ಲಿ ಅವನು ಯಾವ ಯಾವುದೋ ಚಳಿ ದೇಶಗಳಿಗೆ ರಾಯಭಾರಿ, ಕಾರಿನ ಮುಂದೆ ಬಾವುಟ, ಆಮೇಲೆ ಒಂದು ದಿನ ಅಳಿಯ ಉಮೇಶ ಫೋನು ಮುಖಕ್ಕೆ ಹಿಡಿದು, ಅತ್ತೆ, ನಿಮ್ಮ ಪಾರೀಸಪ್ಪ ಅವನ ದೇಶದಲ್ಲಿ ಮಂತ್ರಿ ಆಗವ್ನೆ, ಅದೂ ಕಾರ್ಮಿಕ ಮಂತ್ರಿ, ನನಗೆ ಅಲ್ಲೊಂದು ಡ್ರೈವರ್ ಕೆಲಸ ಕೊಡಿಸಕ್ಕೆ ಒಂದು ಕಾಗದ ಸಾಕು. ಆ ಹೊತ್ತಿಗೇ ನನ್ನ ಕೈ ಕಟ್ಟಿಹೋಯಿತು. ಹುಳು ತಿಂತಾ ಇವೆ ಎಂದು ಮಂತ್ರಿಗೆ ಬರೆದರೆ ಅದು ಅರ್ಜಿಯೇ, ಕೆಳಗೆ ಏನೂ ಕೇಳದಿದ್ದರೂ ಅರ್ಜಿಯೇ. ಬರೆಯಲಿಲ್ಲ. ಉಮೇಶ ನರಸಾಪುರದ ಕಂಪನಿ ಬಸ್ಸು ಹತ್ತಿದ, ಒಂದು ವಾರ ಹಗಲು, ಒಂದು ವಾರ ರಾತ್ರಿ, ಕಣ್ಣು ಗುಳಿಬಿದ್ದವು, ಮಗಳು ಪವಿತ್ರ ನನ್ನ ಜೊತೆ ಮಾತು ಬಿಟ್ಟಳು, ನಿನಗೆ ನಿನ್ನ ತಮ್ಮನ ಮರ್ಯಾದೆ ದೊಡ್ಡದು, ನನ್ನ ಗಂಡನ ನಿದ್ದೆ ಸಣ್ಣದು, ಎಂದವಳು ಆಮೇಲೆ ತಟ್ಟೆಗೆ ಅನ್ನ ಬಡಿಸಿ ಹೋಗುವುದಷ್ಟೇ, ಊಟಕ್ಕೆ ಬಾ ಎನ್ನುವುದೂ ಇಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು. ಸೊಪ್ಪು ಮುಗಿಯುತ್ತಾ ಬಂತು.

ಮೊನ್ನೆ ಫೋನಿನಲ್ಲಿ ಇನ್ನೊಂದು ಚಿತ್ರ, ಪಾರೀಸಪ್ಪ ಕಚೇರಿಯ ಮೆಟ್ಟಿಲಿಳಿಯುತ್ತಿದ್ದಾನೆ, ತಲೆಯೆಲ್ಲ ಬೆಳ್ಳಗೆ, ಚೀಲ ಅವನ ಕೈಯಲ್ಲೇ, ಪಕ್ಕದಲ್ಲಿ ಯಾರೂ ಇಲ್ಲ. ಮನೆಗೆಲಸದ ಹೆಂಗಸರಿಗೆ ವಾರಕ್ಕೊಂದು ರಜೆ ಎಂದು ಕಾನೂನು ತರಲು ಹೋದನಂತೆ, ದೊಡ್ಡಮನೆಯವರಿಗೆ ಸಿಟ್ಟು ಬಂತಂತೆ, ಮಂತ್ರಿ ಕುರ್ಚಿಯಿಂದ ಇಳಿಸಿದರಂತೆ. ಭಾನುವಾರ ನಿಮಗೆ ರಜೆ ಇಲ್ಲವಾ ಅಕ್ಕ. ಅಂದು ಸಂಜೆಯೇ ಬರೆದೆ, ಬರೆದು ರೂಢಿ ತಪ್ಪಿದ ಕೈ, ಅಕ್ಷರ ಎಲ್ಲ ಸೊಟ್ಟ ಳ ಆದವು. ಉಮೇಶ ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಟವನು ತನ್ನ ಬಯೋಡೇಟಾ, ಫೋಟೋ ತಂದು ಲಕೋಟೆಗೆ ತುರುಕಿದ, ಕುರ್ಚಿ ಹೋದ್ರೂ ಕೈ ಕೆಳಗಿನವ್ರು ಇರ್ತಾರೆ ಬಿಡಿ ಅತ್ತೆ, ಇದೊಂದು ಇರಲಿ. ನಾನು ಬೇಡ ಎನ್ನಲಿಲ್ಲ. ಇಷ್ಟು ವರ್ಷ ಬೇಡ ಎಂದು ಸಾಕಾಗಿದೆ, ಹೋಗಲಿ, ಅರ್ಜಿಯೇ ಆಗಲಿ, ಎಂದುಕೊಂಡು ಒಳಗೆ ಬಂದು ಸೊಪ್ಪು ಹಿಡಿದೆ. ಬಾಗಿಲಲ್ಲಿ ನೆರಳು, ಪವಿತ್ರ, ಪೌಡರು ಹಾಕಿದ್ದಾಳೆ, ಅದಕ್ಕೇ ಹೊಸ್ತಿಲಾಚೆ ನಿಂತಿದ್ದಾಳೆ, ಕೈಯಲ್ಲಿ ನನ್ನ ಲಕೋಟೆ, ಇನ್ನೊಂದು ಕೈಯಲ್ಲಿ ಗಂಡನ ಫೋಟೋ. ಅಮ್ಮ, ಕೆಲಸ ಹೋದವ್ನ ಮನೆಗೆ ಯಾರಾದ್ರೂ ಅರ್ಜಿ ಕಳಿಸ್ತಾರಾ, ಹೋದ ವರ್ಷ ಇವ್ರನ್ನ ಕಂಪನಿಯವ್ರು ಸ್ವಲ್ಪ ದಿನ ತೆಗೆದು ಕೂರಿಸಿದ್ದಾಗ ನಮ್ಮನೆಗೆ ಯಾರು ಬಂದ್ರು ಹೇಳು, ಊಟ ಆಯ್ತಾ ಅಂತ ಯಾವ ನಾಯಿ ಕೇಳಿತು. ಇವ್ರಿಗೆ ನಾನು ಹೇಳ್ಕೊತೀನಿ, ಎಂದಳು. ನಿನ್ನ ಪಾರೀಸಪ್ಪ ಪಾಠ ಹೇಳ್ತಿದ್ದ ಯೂನಿವರ್ಸಿಟಿ ಅಡ್ರೆಸ್ಸು ಫೋನಲ್ಲಿ ಸಿಕ್ತು, ಲಕೋಟೆ ಮೇಲೆ ಬರೆದಿದೀನಿ. ಏನ್ ಬರೆದಿದೀಯ ಅಂತ ಓದ್ದೆ, ಬೈಬೇಡ. ಒಲೆ ಮೇಲೆ ಸಾರಿದೆ, ಊಟ ಮಾಡು. ಅವಳ ಗಾಡಿಯ ಸದ್ದು ಪೋಸ್ಟಾಫೀಸಿನ ಕಡೆಗೆ ಸಣ್ಣಗಾಯಿತು. ಇಷ್ಟು ದಿನದ ಮೇಲೆ, ಊಟ ಮಾಡು, ಎಂದಳು. ಕೊನೆಯ ತಟ್ಟೆ ಉಳಿದಿದೆ, ಫೋನು, ಒದ್ದೆ ಕೈ, ಪವಿತ್ರ, ಹಾಕ್ದೆ ಕಣಮ್ಮ, ಸೀಲ್ ಒತ್ತಿದ್ರು, ನನ್ನ ಕಣ್ಮುಂದೇನೇ ಚೀಲಕ್ಕೆ ಹಾಕಿದ್ರು. ಹೋಯಿತು. ಎಷ್ಟು ಕಾಲದ ಮೇಲೆ, ಎರಡೇ ಸಾಲು, ಹುಳು ತಿಂತಾ ಇವೆ ಕಣಪ್ಪ, ನೀನು ಊಟ ಮಾಡಿದೆಯಾ, ಓದಲು ಬರುತ್ತದೋ ಮರೆತಿದ್ದಾನೋ, ಅಲ್ಲಿ ಯಾವ ಹೊಸ್ತಿಲಾಚೆ ಕೂತಿದ್ದಾನೋ, ಒದ್ದೆ ಮೈ, ಯಜಮಾನರ ಪಂಚೆ, ಬೆಳ್ಳಗಿನ ತಲೆ — ಕೈಯಲ್ಲಿ ಸೊಪ್ಪು, ಕೆಳಗೆ ಕೊನೆಯ ತಟ್ಟೆ, ಸೊಪ್ಪಿಗೆ ಕಾದು ತಟ್ಟೆ ತುಂಬ ಹುಳು, ತಲೆ ಎತ್ತಿ, ತಲೆ ಎತ್ತಿ