ಜೈಲಿನ ಗಡ್ಡ

ಜೈಲಿನಿಂದ ಹೊರಬರುವವರಿಗೆ ಎಚ್‌ಐವಿ ಬಗ್ಗೆ ತಿಳಿಹೇಳಿ ರಕ್ತಪರೀಕ್ಷೆ ಮಾಡಿಸುವುದು ಮಂಡಿ ಮೊಹಲ್ಲಾದ ನಮ್ಮ ಕೇಂದ್ರದ ಕೆಲಸ. ಯಜಮಾನಿಕೆ ನನ್ನದು. ಎರಡು ಸಾವಿರದ ಐದರಲ್ಲಿ ಹಣ ಕೊಡುವ ಸಂಸ್ಥೆಗೆ ಇದ್ದಕ್ಕಿದ್ದಂತೆ ಲೆಕ್ಕದ ಹುಚ್ಚು ಹಿಡಿಯಿತು. ಒಬ್ಬ ಕೈದಿಯ ಮೇಲೆ ಮಾಡುವ ಖರ್ಚಿನಲ್ಲಿ ಲಾರಿ ಸ್ಟ್ಯಾಂಡಿನ ಹತ್ತು ಜನರಿಗೆ ತಿಳಿಹೇಳಬಹುದಂತೆ. ಅಂದರೆ ಕೈದಿಗಳು ಹೇಗಾದರೂ ಹಾಳಾಗಲಿ ಎಂದೇ? ನನಗೆ ಮೈಯೆಲ್ಲ ಉರಿಯಿತು. ಮಹದೇವಪ್ರಸಾದ್ ಎಂಬ ಅಧಿಕಾರಿ ಬಂದು ನೋಡುತ್ತಾರೆ, ಅವರು ದಂಡದ ಖರ್ಚು ಎಂದರೆ ಕೇಂದ್ರಕ್ಕೆ ಬೀಗ ಎಂದು ಫೋನ್ ಬಂತು.

ಬರಬೇಕಾದ ದಿನ ಆ ಮನುಷ್ಯ ಬೆಳಿಗ್ಗೆ ಹನ್ನೊಂದಾದರೂ ಪತ್ತೆಯಿಲ್ಲ. ಮಾಡಿಸಿಟ್ಟ ಉಪ್ಪಿಟ್ಟು ಆರಿಹೋಯಿತು. ಆಗ ಗಡ್ಡ ನುಣ್ಣಗೆ ಬೋಳಿಸಿಕೊಂಡ ಇಬ್ಬರು ಒಳಗೆ ಬಂದರು. ಒಬ್ಬ ಚಿಕ್ಕಯ್ಯ. ಜೈಲಿನಲ್ಲಿ ನಮ್ಮ ಪಾಠಕ್ಕೆ ಕೂತು ಉದ್ದಕ್ಕೂ ಆಕಳಿಸುತ್ತಿದ್ದ ಆಸಾಮಿ. ಇನ್ನೊಬ್ಬರ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು.

"ಅಮ್ಮಾ, ಇವ್ರೂ ಇವತ್ತೇ ಬುಡುಗಡೆ ಆದವ್ರು. ಹುಚ್ಚಣ್ಣನ ಅಂಗಡೀಲಿ ಸಿಕ್ಕುದ್ರು. ಪರೀಕ್ಷೆ ಅಂದ್ರೆ ನಾಚ್ಕತಾವ್ರೆ, ಎಳ್ಕೊಂಡ್ ಬಂದ್ಬುಟ್ಟೆ."

ಹುಚ್ಚಣ್ಣನದು ಜೈಲಿನ ಹತ್ತಿರದ ಕ್ಷೌರದಂಗಡಿ. ಜೈಲಿನ ಗಡ್ಡ ಹೊತ್ತು ಮನೆಯ ಹೊಸ್ತಿಲು ತುಳಿಯಬಾರದೆಂದು ಬಿಡುಗಡೆಯಾದವರು ಮೊದಲು ಅಲ್ಲಿಗೇ ಹೋಗುತ್ತಾರೆ.

ಆ ಇನ್ನೊಬ್ಬರು ಜೇಬಿನಿಂದ ಕಾರ್ಡು ತೆಗೆದು ಕೊಟ್ಟರು. ಓದಿ ಕುರ್ಚಿಯಿಂದ ಎದ್ದು ನಿಂತೆ. ಮಹದೇವಪ್ರಸಾದ್!

"ರಾತ್ರಿ ಬಸ್ಸಲ್ಲಿ ಬಂದು, ಬೆಳಿಗ್ಗೆ ಜೈಲು ನೋಡೋಣ ಅಂತ ಹೋದೆ, ಹಾಗೇ ಗಡ್ಡ ತೆಗೆಸೋಕೆ ಕೂತೆ. ನಾನು ಆಫೀಸರು ಅಂತ ಹೇಳಿದೆ ಮೇಡಂ. 'ಒಳಗೆ ಎಲ್ರೂ ಅಂಗೇ ಯೋಳ್ತಾರೆ' ಅಂದ್ಬಿಟ್ರು ಇವರು." ಹೆಗಲಲ್ಲಿದ್ದ ಚೀಲದಿಂದ, ಬಿಡುಗಡೆಯಾಗುವವರಿಗೆ ನಾವು ಕೊಡುವ ಎರಡು ನಿರೋಧ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. "ಇದನ್ನೂ ಕೊಟ್ರು. ಬಳಸೋದು ಹೇಗೆ ಅಂತ ಅಂಗಡಿಯವರೆಲ್ಲ ಕೇಳೋ ಹಾಗೆ ವಿವರಿಸಿದ್ರು."

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಯ್ಯ ಮಾತ್ರ ನಗಲಿಲ್ಲ, ಅವನಿಗೆ ಕಾರ್ಡಿನ ಮೇಲೆ ನಂಬಿಕೆಯೇ ಇರಲಿಲ್ಲ.

ಅಧಿಕಾರಿ ಅವನತ್ತ ತಿರುಗಿದರು. "ನೀವಿನ್ನೂ ಮನೆಗೇ ಹೋಗಿಲ್ವಾ?"

"ಮನೆಯವ್ಳು ಆರು ವರ್ಸದಿಂದ ಕಾಯ್ತಾವ್ಳೆ ಅಣ್ಣ, ಇನ್ನೊಂದು ಗಳಿಗೆ ಕಾಯ್ತಾಳೆ. ನಂದೂ ನೋಡುಸ್ಕೊಂಡೇ ಹೋಯ್ತೀನಿ. ಮೊದ್ಲು ನಿಮ್ದು ಆಗ್ಲಿ. ಹೆದ್ರಕಬ್ಯಾಡಿ, ನಾನು ಇಲ್ಲೇ ಇರ್ತೀನಿ."

ಮಹದೇವಪ್ರಸಾದ್ ಚೀಲ ಕೆಳಗಿಟ್ಟರು. ಅಂಗಿಯ ತೋಳು ಮಡಿಸಿ ನರ್ಸಮ್ಮನ ಮುಂದೆ ಕೂತರು. ಸೂಜಿ ಕಂಡದ್ದೇ ಚಿಕ್ಕಯ್ಯನ ಕೈ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು.

"ಕೇಂದ್ರ ನಡೀಲಿ ಮೇಡಂ" ಎಂದರು.